ಬೀದರ್ ಕೆಂಪು ನೆಲ, ಸೇಡಂ ಸುಣ್ಣಕಲ್ಲು: ಉಲ್ಕೆಕಲ್ಲಿಗೆ ಯಾವ ಡಿಟೆಕ್ಟರ್?

ಹುಮನಾಬಾದಿನ ಅಣ್ಣನವರಿಗೆ ನಮಸ್ಕಾರ. ಉಲ್ಕೆಕಲ್ಲು ಹುಡುಕಲು ಪಲ್ಸ್ ಇಂಡಕ್ಷನ್ (ಪಿಐ) ಎಂಬ ಲೋಹ ಹುಡುಕುವ ಮೆಷೀನ್ ಕೊಳ್ಳಬೇಕಾ, ಇಲ್ಲ ಮನೆಯಲ್ಲೇ ಕಟ್ಟಬಹುದಾ ಅಂತ ಕೇಳಿದ್ದೀರಿ. ನಿಮ್ಮ ಕೆಂಪು ನೆಲದಲ್ಲಿ ಸಾದಾ ವಿಎಲ್‌ಎಫ್ (ಕಡಿಮೆ ಆವರ್ತನದ ಅಲೆ ಬಿಡುತ್ತಲೇ ಇರುವ) ಡಿಟೆಕ್ಟರ್ ಹೆಜ್ಜೆಗೊಮ್ಮೆ ಕೂಗುತ್ತದೆ, ಪಿಐ ಆದರೆ ಸುಮ್ಮನಿರುತ್ತದೆ ಅಂತ ಯಾರೋ ಹೇಳಿದ್ದಾರೆ. ಅದು ಬಹುಮಟ್ಟಿಗೆ ನಿಜ. ಆದರೆ ದುಡ್ಡು ಹಾಕುವ ಮೊದಲು ಇನ್ನೊಂದು ವಿಷಯ ತಿಳಿದಿರಲಿ.

ಬೀಳುವ ಉಲ್ಕೆಗಳಲ್ಲಿ ಪೂರ್ತಿ ಕಬ್ಬಿಣದವು ನೂರಕ್ಕೆ 5ರ ಆಸುಪಾಸು ಮಾತ್ರ. ಹೆಚ್ಚುಕಡಿಮೆ 80ಕ್ಕಿಂತ ಜಾಸ್ತಿ ಸಾಮಾನ್ಯ ಕಾಂಡ್ರೈಟ್ ಎಂಬ ಕಲ್ಲಿನ ಜಾತಿ. 2008ರಲ್ಲಿ ಹೊಸೂರು ಆಚೆಯ ಶೂಲಗಿರಿಯಲ್ಲಿ, 2012ರಲ್ಲಿ ನಾಗಪುರದ ಹತ್ತಿರ ಕಾಟೋಲ್‌ನಲ್ಲಿ ಬಿದ್ದದ್ದು ಇದೇ ಜಾತಿ. ಇದರಲ್ಲಿ ಕಬ್ಬಿಣ-ನಿಕ್ಕಲ್ ಇರುತ್ತದೆ. ಆದರೆ ಗಡ್ಡೆಯಾಗಿ ಅಲ್ಲ, ರವೆಯ ಕಾಳಿನ ಹಾಗೆ ಕಲ್ಲಿನ ತುಂಬ ಚದುರಿರುತ್ತದೆ. ಇದರಲ್ಲಿ ಎಚ್, ಎಲ್, ಎಲ್‌ಎಲ್ ಅಂತ ಮೂರು ಬಗೆ. ಎಚ್ ಬಗೆಯಲ್ಲಿ ತೂಕದಲ್ಲಿ ನೂರಕ್ಕೆ 15-20 ಪಾಲು ಲೋಹ. ಎಲ್ ಬಗೆಯಲ್ಲಿ ಅದಕ್ಕಿಂತ ಕಡಿಮೆ. ಎಲ್‌ಎಲ್ ಬಗೆಯಲ್ಲಿ ತೀರಾ ಕಡಿಮೆ.

ಪಿಐ ಎಡವುವುದು ಇಲ್ಲೇ. ಅದು ನೆಲಕ್ಕೊಂದು ಕಾಂತದ ಪೆಟ್ಟು (ಪಲ್ಸ್) ಕೊಟ್ಟು, ಲೋಹದೊಳಗೆ ಸುತ್ತುವ ಕರೆಂಟು ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳಿಸಿಕೊಳ್ಳುತ್ತದೆ. ಗಟ್ಟಿ ಕಬ್ಬಿಣದ ಗಡ್ಡೆಯಲ್ಲಿ ಅದು ಉಳಿಯುತ್ತದೆ. ರವೆಯಷ್ಟು ಕಾಳಿನಲ್ಲಿ ಕ್ಷಣದಲ್ಲೇ ಸಾಯುತ್ತದೆ. ಹಾಗಾಗಿ ಪಿಐ ಕೆಂಪು ಮಣ್ಣಿನ ಮೇಲೆ ಸುಮ್ಮನಿರುವ ಹಾಗೇ ಕಾಂಡ್ರೈಟ್ ಮೇಲೂ ಬಹಳ ಸಲ ಸುಮ್ಮನೇ ಇರುತ್ತದೆ. ವಿಎಲ್‌ಎಫ್ ಕಲ್ಲಿನ ಕಾಂತಗುಣವನ್ನೂ ಹಿಡಿಯುತ್ತದೆ, ಅದಕ್ಕೇ ಕಾಂಡ್ರೈಟ್ ಅದಕ್ಕೆ ಕೇಳಿಸುತ್ತದೆ. ಆದರೆ ಕರಿಕಲ್ಲಲ್ಲೂ (ಬಸಾಲ್ಟ್), ನಿಮ್ಮ ಕೆಂಪು ನೆಲದ ಜಂಬಿಟ್ಟಿಗೆಯಲ್ಲೂ ಅದೇ ಗುಣ ಇದೆಯಲ್ವಾ? ಅಲ್ಲಿ ಯಾವ ಕೂಗು ಯಾವುದರದ್ದು ಅಂತ ತಿಳಿಯುವುದಿಲ್ಲ.

ಅದಕ್ಕೇ ನಾನು ಹೇಳುವುದು, ಮೆಷೀನ್ ಬದಲಿಸುವ ಮೊದಲು ನೆಲ ಬದಲಿಸಿ. ಬೀದರ್ ಗುಡ್ಡದ ಮೇಲೆ ಜಂಬಿಟ್ಟಿಗೆ. ಔರಾದ್, ಭಾಲ್ಕಿ, ಆಳಂದ ಕಡೆ ಕರಿಕಲ್ಲು ಮತ್ತು ಎರೆ ಭೂಮಿ. ಎರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಕಲ್ಲನ್ನು ನುಂಗಿಬಿಡುತ್ತದೆ. ಮಳೆಯ ನೀರು ಹಿಡಿದಿಟ್ಟು ಲೋಹಕ್ಕೆ ತುಕ್ಕನ್ನೂ ಹತ್ತಿಸುತ್ತದೆ. ಆದರೆ ಚಿತ್ತಾಪುರ, ಸೇಡಂ, ಶಹಾಬಾದ್ ಸುತ್ತ ನಮ್ಮ ಪರಸಿ ಕಲ್ಲಿನ ಸುಣ್ಣಕಲ್ಲು ನೆಲ ಇದೆ. ಅದರಲ್ಲಿ ಕಾಂತಗುಣ ಬಹಳ ಕಡಿಮೆ. ಡಿಟೆಕ್ಟರ್ ತಣ್ಣಗಿರುತ್ತದೆ. ಬಣ್ಣವೂ ತಿಳಿ, ಕಪ್ಪು ಸಿಪ್ಪೆಯ ಉಲ್ಕೆ ಬಿದ್ದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ನೇಗಿಲು ತಾಗದ ಬಂಡೆ ಹಾಸು ಸಿಕ್ಕರೆ ಅಲ್ಲೇ ಶುರು ಮಾಡಿ. ಹೊಲ ಆದರೆ ತೊಗರಿ ಕೊಯ್ದ ಮೇಲೆ, ಹೊಲದವರನ್ನು ಕೇಳಿಕೊಂಡೇ ಹೋಗಿ. ಸುರಪುರ, ಶಹಾಪುರ ಕಡೆಯ ಗ್ರಾನೈಟ್ ನೆಲ ಎರಡನೇ ಆಯ್ಕೆ.

ಕೊಳ್ಳುವುದಾದರೆ ವಿಎಲ್‌ಎಫ್ ಕೊಳ್ಳಿ. ಮಣ್ಣಿನ ಸದ್ದು ಕಳೆಯಲು ಕೈಯಿಂದ ಗ್ರೌಂಡ್ ಬ್ಯಾಲೆನ್ಸ್ ಮಾಡುವ ಗುಂಡಿ, ಎಲ್ಲ ಲೋಹಕ್ಕೂ ಕೂಗುವ ಆಲ್ ಮೆಟಲ್ ಮೋಡ್, ಡಿ ಆಕಾರದ ಎರಡು ಸುರುಳಿ ಇರುವ ಡಿಡಿ ಕಾಯಿಲ್, ಈ ಮೂರು ಇರಲೇಬೇಕು. ಡಿಸ್ಕ್ರಿಮಿನೇಷನ್ ಪೂರ್ತಿ ಆಫ್ ಮಾಡಿ. ಅದು ಇರುವುದೇ ಕಬ್ಬಿಣವನ್ನು ಬಿಟ್ಟು ಬಂಗಾರ, ನಾಣ್ಯ ತೋರಿಸಲು. ನಮಗೆ ಬೇಕಾದದ್ದು ಆ ಬಿಟ್ಟದ್ದೇ. ನಾನು ಮೊದಲ ಬೇಸಿಗೆ ಪೂರ್ತಿ ಅದನ್ನು ಆನ್ ಇಟ್ಟುಕೊಂಡೇ ತಿರುಗಿದೆ. ಆ ದಿನಗಳು ಹೋದವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕಟ್ಟುವ ಆಸೆಯನ್ನು ಮಾತ್ರ ಬಿಡಬೇಡಿ. ಮನೆಯಲ್ಲಿ ಕಟ್ಟಲು ಪಿಐ ಸುಲಭ, ನಿಮ್ಮ ಕೆಂಪು ನೆಲದಲ್ಲಿ ಕಬ್ಬಿಣದ ಉಲ್ಕೆ ಹುಡುಕಲು ಅದೇ ಸರಿ. ಕಾಯಿಲ್ 300 ಮೈಕ್ರೋಹೆನ್ರಿ ಸುತ್ತಮುತ್ತ ಇರಲಿ. 25 ಸೆಂಟಿಮೀಟರ್ ಅಗಲಕ್ಕೆ ಎನಾಮಲ್ ತಂತಿ 21-22 ಸುತ್ತು ಸಾಕು. ಒಂದು ಮೀಟರ್ ಅಗಲದ ಚೌಕಟ್ಟಿಗೆ 10 ಸುತ್ತು. ದೊಡ್ಡದು ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ತುಂಡು ಅದಕ್ಕೆ ಕೇಳಿಸದು. ಸ್ವಿಚ್‌ಗೆ ಐಆರ್‌ಎಫ್ 740 ಮಾಸ್ಫೆಟ್, ಆಂಪ್ಲಿಫೈಯರ್‌ಗೆ ಎನ್‌ಇ 5534, 12 ವೋಲ್ಟ್ ಬ್ಯಾಟರಿ. ಕಾಯಿಲ್‌ಗೆ ಅಡ್ಡ ಹಾಕುವ ಡ್ಯಾಂಪಿಂಗ್ ರೆಸಿಸ್ಟರ್ 680 ಓಮ್‌ನಿಂದ ಶುರು ಮಾಡಿ ಹೊಂದಿಸಿ. ಪಲ್ಸ್ ನಿಂತು 20-25 ಮೈಕ್ರೋಸೆಕೆಂಡ್ ಆದ ಮೇಲೆ ಕಾಯಿಲ್‌ನ ಸಿಗ್ನಲ್ಲಿನ ಸ್ಯಾಂಪಲ್ ತೆಗೆದುಕೊಳ್ಳಿ. ಅಷ್ಟರಲ್ಲಿ ಮಣ್ಣಿನ ಸದ್ದು ಬಹಳ ಮಟ್ಟಿಗೆ ಇಳಿದಿರುತ್ತದೆ, ಗಡ್ಡೆಯದ್ದು ಇರುತ್ತದೆ. ಚೌಕಟ್ಟು ಪಿವಿಸಿ ಪೈಪಿನದು ಮಾಡಿ, ಕಬ್ಬಿಣದ ಸ್ಕ್ರೂ ಹಾಕಬೇಡಿ. ಪಲ್ಸ್ ಮುರಿಯುವಾಗ ಕಾಯಿಲ್‌ನಲ್ಲಿ ನೂರಾರು ವೋಲ್ಟ್ ಎದ್ದೇಳುತ್ತದೆ, ಆನ್ ಇರುವಾಗ ಅದರ ತುದಿ ಮುಟ್ಟಬೇಡಿ.

ಮೆಷೀನ್ ಯಾವುದೇ ಆಗಲಿ, ಒಂದು ನಕಲಿ ಉಲ್ಕೆ ಮಾಡಿಟ್ಟುಕೊಳ್ಳಿ. ಲೇತ್ ಅಂಗಡಿಯಿಂದ ಕಬ್ಬಿಣದ ಅರದ ಪುಡಿ ತನ್ನಿ. ತೂಕದಲ್ಲಿ 15 ಪಾಲು ಪುಡಿ, 85 ಪಾಲು ಸಿಮೆಂಟ್ ಕಲಸಿ ಮುಷ್ಟಿ ಗಾತ್ರದ ಉಂಡೆ ಕಟ್ಟಿ. ಒಣಗಿದ ಮೇಲೆ ಹತ್ತು, ಇಪ್ಪತ್ತು ಸೆಂಟಿಮೀಟರ್ ಆಳಕ್ಕೆ ಹೂತು ನೋಡಿ. ಅಂಗಡಿಯವರು ಬೋಲ್ಟ್ ಇಟ್ಟು ತೋರಿಸುವ ಆಳ ನಮ್ಮ ಕೆಲಸಕ್ಕೆ ಬಾರದು. ಈ ಉಂಡೆ ಎಷ್ಟು ಆಳದಲ್ಲಿ ಕೂಗುತ್ತದೋ ಅದೇ ನಿಮ್ಮ ಲೆಕ್ಕ.

ಸಿಮೆಂಟ್ ಕಾರ್ಖಾನೆಗಳ ಸುತ್ತ ಹುಷಾರು. ಅಲ್ಲಿನ ಗಿರಣಿಯಲ್ಲಿ ಹಾಕುವ ಉಕ್ಕಿನ ಗುಂಡು ತುಕ್ಕು ಹಿಡಿದು ಸಿಕ್ಕರೆ ಥೇಟ್ ಕಬ್ಬಿಣದ ಉಲ್ಕೆಯಂತೆ ಕಾಣುತ್ತದೆ. ತೂಕವೂ ಮೋಸ ಮಾಡುತ್ತದೆ, ಎರಡರದ್ದೂ ನೀರಿನ ಎಂಟು ಪಟ್ಟಿನ ಹತ್ತಿರ. ಅಲ್ಲಿ ನಿಕ್ಕಲ್ ಪರೀಕ್ಷೆಯೇ ದಾರಿ. ಉಲ್ಕೆಯ ಕಬ್ಬಿಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 5 ಅಥವಾ ಅದಕ್ಕಿಂತ ಜಾಸ್ತಿ ನಿಕ್ಕಲ್ ಇರುತ್ತದೆ. ಕಲ್ಲಿನ ಉಲ್ಕೆ ನೀರಿನ 3.3ರಿಂದ 3.7 ಪಟ್ಟು ತೂಗುತ್ತದೆ, ಕರಿಕಲ್ಲು 2.9ರ ಹತ್ತಿರ. ಗುಳ್ಳೆ ಗುಳ್ಳೆ ತೂತು ಇದ್ದರೆ ಹೆಚ್ಚಾಗಿ ಅದು ಕಿಟ್ಟ. ಹೊಳಪಿಲ್ಲದ ಟೈಲ್ಸ್ ಹಿಂಭಾಗಕ್ಕೆ ಉಜ್ಜಿದಾಗ ಕೆಂಪು ಗೆರೆ ಬಂದರೆ ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು.

ಆಯಸ್ಕಾಂತದ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ನಿಯೋಡಿಮಿಯಮ್ ಎಂಬ ಬಲವಾದ ಆಯಸ್ಕಾಂತ ತಾಗಿಸಬೇಡಿ. ಕಲ್ಲು ಹುಟ್ಟಿದ ಕಾಲದ ಕಾಂತದ ಗುರುತು ಅದರೊಳಗೆ ಕೋಟ್ಯಂತರ ವರ್ಷಗಳಿಂದ ಕೂತಿರಬಹುದು. ಬಲವಾದ ಆಯಸ್ಕಾಂತ ಒಂದೇ ಸಲ ತಾಗಿದರೂ ಅದು ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ದಿಕ್ಸೂಚಿಯ ಮುಳ್ಳು ಅಲುಗುತ್ತದಾ ನೋಡಿದರೆ ಸಾಕು.

ಬೀದರ್ ಕೋಟೆ, ಅಷ್ಟೂರು ಗುಮ್ಮಟಗಳು, ಮಳಖೇಡ, ಸನ್ನತಿ ಹತ್ತಿರ ಡಿಟೆಕ್ಟರ್ ಹೊರಗೇ ತೆಗೆಯಬೇಡಿ. ನೋಡಿದವರು ನಿಧಿ ಹುಡುಕುವವರು ಅಂತಲೇ ತಿಳಿಯುತ್ತಾರೆ. ಅಪ್ಪಿತಪ್ಪಿ ಹಳೆಯ ನಾಣ್ಯ, ಒಡವೆ ಸಿಕ್ಕರೆ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು.

ಅನುಮಾನದ ಕಲ್ಲು ಸಿಕ್ಕರೆ ಎತ್ತುವ ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಫೋನಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ತೊಳೆಯಬೇಡಿ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣಗಿದ ಡಬ್ಬಿಯಲ್ಲಿಡಿ. ದೇಶದಲ್ಲಿ ಸಿಕ್ಕ ಉಲ್ಕೆಗಳನ್ನು ಕಾಯ್ದಿಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ (ಜಿಎಸ್‌ಐ). ಅವರ ಕಚೇರಿ ಹೈದರಾಬಾದಿನಲ್ಲೂ ಇದೆ, ನಿಮಗೆ ಅದೇ ಹತ್ತಿರ.

ಉಂಡೆ ಕಟ್ಟಿ ಹೂತ ಮೇಲೆ ಎಷ್ಟು ಆಳಕ್ಕೆ ಕೂಗಿತು ಅಂತ ಇಲ್ಲೇ ಬರೆಯಿರಿ. ಕೆಂಪು ನೆಲದ ಅಳತೆ ನನ್ನ ಹತ್ತಿರ ಇಲ್ಲ, ನನಗೂ ಬೇಕು.