ಕಡಲೂ ಬೇಕು, ಕಾಡೂ ಬೇಕು: ಉಷ್ಣವಲಯದ ಪ್ರವಾಸಕ್ಕೆ ಯಾವ ತಿಂಗಳು ಸರಿ?

ನಿಮ್ಮ ಪ್ರಶ್ನೆ ಇಷ್ಟು: ಹತ್ತು ದಿನ ರಜೆ ಇದೆ, ಸ್ನಾರ್ಕೆಲಿಂಗ್ (ಕನ್ನಡಕ, ಉಸಿರಾಟದ ಕೊಳವೆ ಹಾಕಿಕೊಂಡು ನೀರೊಳಗೆ ನೋಡುತ್ತ ಈಜುವುದು) ಮಾಡಬೇಕು, ಕಾಡು, ಜಲಪಾತ, ಪ್ರಾಣಿಗಳನ್ನೂ ನೋಡಬೇಕು. ಎಲ್ಲಿ ಕೇಳಿದರೂ ‘ಡಿಸೆಂಬರ್‌ನಿಂದ ಮಾರ್ಚ್’ ಅನ್ನುತ್ತಾರೆ, ಅದು ಎಲ್ಲ ಕಡೆಗೂ ಹೊಂದುತ್ತದೆಯೇ?

ಹೊಂದುವುದಿಲ್ಲ. ದೇಶಕ್ಕೊಂದು ಸೀಸನ್ ಅಂತ ಹುಡುಕಲು ಹೊರಟಾಗಲೇ ಲೆಕ್ಕ ತಪ್ಪುತ್ತದೆ. ಸೀಸನ್ ಇರುವುದು ದಡಕ್ಕೆ. ಶ್ರೀಲಂಕಾವನ್ನೇ ನೋಡಿ. ಗಾಲೆ, ಮಿರಿಸ್ಸಾ ಇರುವ ನೈಋತ್ಯ ದಡಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಚೆನ್ನ. ಅದೇ ದ್ವೀಪದ ಪೂರ್ವಕ್ಕಿರುವ ತ್ರಿಂಕೋಮಲಿ, ಅರುಗಂ ಬೇ ಕಡೆಗೆ ಮೇನಿಂದ ಸೆಪ್ಟೆಂಬರ್. ಥಾಯ್ಲೆಂಡ್‌ನಲ್ಲೂ ಹೀಗೇ: ಫುಕೆಟ್, ಕ್ರಾಬಿ ಇರುವ ಅಂಡಮಾನ್ ಕಡಲಿನ ಬದಿಗೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ಥಾಯ್ಲೆಂಡ್ ಕೊಲ್ಲಿಯ ಬದಿಯ ಸಮುಯಿ ದ್ವೀಪಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೇ ಜೋರು ಮಳೆ. ಡಿಸೆಂಬರ್ ಮೊದಲ ವಾರಕ್ಕೆ ಸಮುಯಿ ಬುಕ್ ಮಾಡಿ ಕೊಠಡಿಯಲ್ಲೇ ಕೂರುವವರು ಕಡಿಮೆಯೇನಿಲ್ಲ.

ಇದರ ಹಿಂದಿರುವುದು ಗಾಳಿ. ಕಡಲಿಂದ ದಡದ ಕಡೆಗೆ ಗಾಳಿ ಬೀಸುವ ತಿಂಗಳಲ್ಲಿ ಮಳೆಯೂ ಹೆಚ್ಚು, ಅಲೆಯೂ ಹೆಚ್ಚು. ನೆಲದ ಕಡೆಯಿಂದ ಬೀಸುವ ತಿಂಗಳಲ್ಲಿ ನೀರು ತಟ್ಟೆಯ ಹಾಗಿರುತ್ತದೆ. (ಆಗ ಗಾಳಿ ತುಂಬಿದ ತೇಲು ಹಾಸಿಗೆಯ ಮೇಲೆ ಮಕ್ಕಳನ್ನು ಬಿಡಬೇಡಿ, ಸದ್ದಿಲ್ಲದೆ ಒಳಗೆ ತೇಲಿಹೋಗುತ್ತದೆ.) ಹವಾಯಿಯಂಥ ಕಡೆ ವರ್ಷದ ಬಹುಪಾಲು ಗಾಳಿ ಈಶಾನ್ಯದಿಂದಲೇ ಬರುತ್ತದೆ. ಅಲ್ಲಿನ ಬಿಗ್ ಐಲೆಂಡ್ ದ್ವೀಪದ ಪೂರ್ವಕ್ಕಿರುವ ಹೀಲೋದಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಬೆಟ್ಟದ ಮರೆಯ ಕೋನಾ ಬದಿ ಒಣ. ಅಂಥಲ್ಲಿ ತಿಂಗಳಿಗಿಂತ ಬದಿ ಆರಿಸುವುದೇ ಮುಖ್ಯ.

ಹವಾಮಾನದ ಪಟ್ಟಿ ನೋಡುವಾಗ ತಿಂಗಳ ಒಟ್ಟು ಮಳೆಯನ್ನಷ್ಟೇ ನೋಡಬೇಡಿ, ಪಕ್ಕದಲ್ಲಿ ಮಳೆ ದಿನಗಳ ಸಂಖ್ಯೆಯನ್ನೂ ನೋಡಿ. 300 ಮಿ.ಮೀ. ಹತ್ತೇ ದಿನದಲ್ಲಿ ಬಿದ್ದರೆ ದಿನಕ್ಕೆ ಒಂದೆರಡು ಗಂಟೆಯ ಬಿರುಮಳೆ, ಉಳಿದ ದಿನವೆಲ್ಲ ಬಿಸಿಲು ಇರಬಹುದು. ಅದೇ 300 ಮಿ.ಮೀ. ಇಪ್ಪತ್ತೈದು ದಿನಕ್ಕೆ ಹಂಚಿದ್ದರೆ ಮುಗಿಯದ ಜಿಟಿಜಿಟಿ. ಮಳೆ ಯಾವ ಹೊತ್ತಿನದು ಅನ್ನುವುದನ್ನೂ ತಿಳಿದುಕೊಳ್ಳಿ. ಬೆಟ್ಟ ಹತ್ತಿರವಿರುವ ಕಡೆ ಬೆಳಿಗ್ಗೆ ಹತ್ತಕ್ಕೆ ಹತ್ತಿಯಂಥ ಚೂರು ಮೋಡ, ಒಂದಕ್ಕೆ ಅದು ಗೋಪುರವಾಗಿ ಬೆಳೆದು ಬುಡ ಕಪ್ಪಾಗಿರುತ್ತದೆ, ಮೂರಕ್ಕೆ ಸುರಿಯುತ್ತದೆ, ಸಂಜೆಗೆ ಮತ್ತೆ ತಿಳಿ. ಇಂಥ ಮಳೆ ಪ್ರವಾಸ ಕೆಡಿಸುವುದಿಲ್ಲ. ಬೆಳಗಿನ ಆರರಿಂದ ಹನ್ನೆರಡರೊಳಗೆ ಹೊರಗಿನ ಕೆಲಸ ಮುಗಿಸಿದರೆ ಸಾಕು.

ಕಡಲಿಗಾದರೆ ಮಳೆಗಿಂತ ಅಲೆಯ ಲೆಕ್ಕ ದೊಡ್ಡದು. ಮುನ್ಸೂಚನೆಯಲ್ಲಿ ಕೊಡುವ ಅಲೆಯ ಎತ್ತರ ಅಂದರೆ ಎಲ್ಲ ಅಲೆಗಳ ಪೈಕಿ ಅತಿ ಎತ್ತರವಾದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ನಡುನಡುವೆ ಅದರ ಸುಮಾರು ಇಮ್ಮಡಿಯ ಅಲೆಯೂ ಬರುತ್ತದೆ. ಅರ್ಧ ಮೀಟರ್ ಒಳಗಿದ್ದರೆ ಹೊಸಬರಿಗೂ ಸ್ನಾರ್ಕೆಲಿಂಗ್ ಹಿತ, ಒಂದು ಮೀಟರ್ ದಾಟಿದರೆ ಕೊಳವೆಗೆ ನೀರು ನುಗ್ಗುತ್ತಲೇ ಇರುತ್ತದೆ. ಗಾಳಿ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಒಳಗಿರುವ ಬೆಳಿಗ್ಗೆಗಳನ್ನು ಹುಡುಕಿ. ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. 6 ಸೆಕೆಂಡ್ ಇದ್ದರೆ ಅದು ಅಲ್ಲೇ ಹುಟ್ಟಿದ ಚಿಲ್ಲರೆ ಅಲೆ. 14 ಸೆಕೆಂಡ್ ಇದ್ದರೆ ದೂರದ ಬಿರುಗಾಳಿಯಿಂದ ಬಂದದ್ದು. ಎತ್ತರ ಅಷ್ಟೇ ಇದ್ದರೂ ದಡದಲ್ಲಿ ಅದರ ಹೊಡೆತ ಹೆಚ್ಚು ಜೋರು.

ಒರಟು ತಿಂಗಳಲ್ಲಿ ಈಜಬೇಡಿ ಅನ್ನುವುದು ಸುಮ್ಮನೆ ಅಲ್ಲ. ದಡದಲ್ಲಿ ನಿಂತು ನೋಡಿದರೆ ಎಡಬಲದಲ್ಲಿ ಬಿಳಿ ನೊರೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಕಪ್ಪಾಗಿ ಶಾಂತವಾಗಿರುತ್ತದೆ. ತಿಳಿಯದವರು ಇಳಿಯುವುದು ಅಲ್ಲಿಗೇ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವ ಕಾಲುವೆ ಅದು. ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ನೊರೆ ಇರುವ ಕಡೆಯಿಂದ ಮರಳಿ.

ಇನ್ನು ಚಂಡಮಾರುತ. ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ ಅಧಿಕೃತ ಅವಧಿ ಜೂನ್ 1ರಿಂದ ನವೆಂಬರ್ 30, ನಿಜವಾದ ಕಾವು ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ದಕ್ಷಿಣ ಗೋಳಾರ್ಧದಲ್ಲಿ ನವೆಂಬರ್‌ನಿಂದ ಏಪ್ರಿಲ್. ಬಂಗಾಳ ಕೊಲ್ಲಿಗೆ ಎರಡು ಸರದಿ, ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಸಮಭಾಜಕದಿಂದ 5 ಡಿಗ್ರಿಯೊಳಗೆ ಇವು ಹುಟ್ಟುವುದೇ ಅಪರೂಪ, ಗಾಳಿಯನ್ನು ಸುತ್ತಿಸುವಷ್ಟು ತಿರುಚು ಭೂಮಿಯ ತಿರುಗುವಿಕೆಯಿಂದ ಅಲ್ಲಿ ಸಿಗುವುದಿಲ್ಲ. ಆ ತಿಂಗಳಲ್ಲೇ ಹೋಗಬೇಕಾದರೆ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದರಿಂದಾದ ನಷ್ಟ ಕಟ್ಟಿಕೊಡುವುದಿಲ್ಲ.

ಕಾಡಿನ ಮಾತಿಗೆ ಬಂದರೆ ಲೆಕ್ಕ ಉಲ್ಟಾ ಆಗುತ್ತದೆ. ಕಡಲಿಗೆ ಒಣ ತಿಂಗಳು ಹಿತ, ಜಲಪಾತ, ಕಪ್ಪೆ, ಅಣಬೆಗಳಿಗೆ ಮಳೆಯೇ ಬೇಕು. ಎಲೆ ಉದುರುವ ಕಾಡಾದರೆ ಒಣ ಅವಧಿಯ ಕೊನೆಯಲ್ಲಿ ಪ್ರಾಣಿಗಳು ಉಳಿದಿರುವ ನೀರಿನ ಸುತ್ತ ಸೇರುತ್ತವೆ, ಎಲೆ ಇಲ್ಲದ್ದರಿಂದ ಕಣ್ಣಿಗೂ ಬೀಳುತ್ತವೆ. ಶ್ರೀಲಂಕಾದ ಮಿನ್ನೇರಿಯಾ ಕೆರೆಯಂಗಳದಲ್ಲಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಆನೆಗಳು ಹಿಂಡುಹಿಂಡಾಗಿ ಸೇರುವುದೂ ಒಣ ಕಾಲದಲ್ಲಿ ನೀರು, ಮೇವು ಅಲ್ಲಿ ಸಿಗುವುದಕ್ಕೇ. ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಸೂತ್ರ ನಡೆಯದು, ಅಲ್ಲಿ ವರ್ಷವಿಡೀ ಎಲೆ, ವರ್ಷವಿಡೀ ನೀರು.

ಹಾಗಾದರೆ ಎರಡಕ್ಕೂ ಹೊಂದುವ ಹೊತ್ತು? ನನ್ನ ಆಯ್ಕೆ ಮಳೆ ನಿಂತ ನಾಲ್ಕರಿಂದ ಆರು ವಾರದ ನಂತರದ ಅವಧಿ. ಮಳೆ ನಿಂತ ಕೂಡಲೇ ಹೋದರೆ ಹೊಳೆಗಳು ಇನ್ನೂ ಕೆಸರು ತಂದು ಸುರಿಯುತ್ತಿರುತ್ತವೆ, ಅಳಿವೆಯ ಸುತ್ತ ನೀರೊಳಗೆ ಚಾಚಿದ ಕೈಯೂ ಕಾಣದು. ತಿಂಗಳು ಕಳೆದರೆ ಮಣ್ಣು ತಳ ಸೇರಿರುತ್ತದೆ, ಕಾಡು ಹಸಿರಾಗೇ ಇರುತ್ತದೆ, ಜಲಪಾತ ಸೊರಗಿರುವುದಿಲ್ಲ, ಜಿಗಣೆಗಳ ಕಾಟವೂ ಇಳಿದಿರುತ್ತದೆ. ಒಣ ಅವಧಿಯ ತೀರಾ ಕೊನೆಗೆ ತಳ್ಳಿದರೆ ಸೆಕೆ ಹೆಚ್ಚು, ಕೆಲವೆಡೆ ಹೊಗೆಯೂ ಸೇರುತ್ತದೆ. ಉತ್ತರ ಥಾಯ್ಲೆಂಡ್‌ನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆಗೆ ಎದುರಿನ ಬೆಟ್ಟವೇ ಕಾಣದ ದಿನಗಳಿವೆ.

ಒಂದು ನಿರ್ದಿಷ್ಟ ದೃಶ್ಯಕ್ಕಾಗಿಯೇ ಹೋಗುವವರು ಈ ಸೂತ್ರ ಬದಿಗಿಟ್ಟು ಅದರ ತಿಂಗಳಿಗೇ ಹೋಗಬೇಕು. ಕೋಸ್ಟರಿಕಾದ ಕೆರಿಬಿಯನ್ ದಡದ ಟೋರ್ಟುಗೇರೊದಲ್ಲಿ ಹಸಿರು ಕಡಲಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಮೊಟ್ಟೆಯಿಡುತ್ತವೆ. ಆ ದೇಶದ ಪೆಸಿಫಿಕ್ ಬದಿಗೆ ಸೆಪ್ಟೆಂಬರ್-ಅಕ್ಟೋಬರ್ ಅತಿ ಮಳೆ, ಆಗಲೇ ಕೆರಿಬಿಯನ್ ದಡಕ್ಕೆ ಬಿಡುವು. ಆಮೆಮರಿಗಳನ್ನು ನೋಡಬೇಕಿದ್ದರೆ ಮೊಟ್ಟೆಯಿಡುವ ಕಾಲಕ್ಕೆ ಸುಮಾರು ಎರಡು ತಿಂಗಳು ಸೇರಿಸಿ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಗೆ ಮಾಂಟಾ ತೊರಕೆ ಮೀನುಗಳು ಬರುವುದು ಮಳೆಗಾಲದಲ್ಲೇ. ಸೂಕ್ಷ್ಮಜೀವಿಗಳಿಂದ ಕತ್ತಲಲ್ಲಿ ಮಿನುಗುವ ಕಡಲ ನೀರು ನೋಡಲು ಅಮಾವಾಸ್ಯೆಯ ಆಸುಪಾಸು ಹೋಗಿ. ಕಡಲ ನೀರು ಇಳಿದಾಗ ಬಂಡೆಗಳ ಗುಳಿಗಳಲ್ಲಿ ಉಳಿಯುವ ಜೀವಿಗಳನ್ನು ನೋಡಲು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತ ಬೇಕು.

ಬುಕ್ ಮಾಡುವ ಮೊದಲು ಜಾಗ ತೆರೆದಿದೆಯೇ ಖಚಿತಪಡಿಸಿಕೊಳ್ಳಿ. ಥಾಯ್ಲೆಂಡ್‌ನ ಸಿಮಿಲನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಂದ್. ಮಲೇಷ್ಯಾದ ಪೆರ್ಹೆಂಟಿಯನ್ ದ್ವೀಪಗಳಲ್ಲಿ ಈಶಾನ್ಯ ಮಾನ್ಸೂನ್ ತಿಂಗಳುಗಳಲ್ಲಿ ಬಹುತೇಕ ವಸತಿಗಳು ಬಾಗಿಲು ಹಾಕುತ್ತವೆ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲೆಂಡ್‌ನಲ್ಲಿ ನವೆಂಬರ್‌ನಿಂದ ಮೇವರೆಗೆ ವಿಷದ ಅಂಬಲಿ ಮೀನುಗಳ (ಜೆಲ್ಲಿಫಿಶ್) ಕಾಲ, ಮೈ ಮುಚ್ಚುವ ಈಜುಡುಗೆ ಇಲ್ಲದೆ ನೀರಿಗಿಳಿಯಬಾರದು.

ಹತ್ತು ದಿನದಲ್ಲಿ ಕಡಲನ್ನು ಮೊದಲು ಇಡಿ. ಗಾಳಿಗೆ ದೋಣಿ ರದ್ದಾದರೆ ಮರುದಿನಕ್ಕೆ ತಳ್ಳಬಹುದು. ಕೊನೆಗಿಟ್ಟರೆ ರದ್ದಾದದ್ದು ಹೋದದ್ದೇ. ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಡೈವ್‌ಗಳನ್ನು ಒಂದಕ್ಕಿಂತ ಹೆಚ್ಚು ಮಾಡಿದ್ದರೆ ಕೊನೆಯದರ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಎತ್ತರದಲ್ಲಿ ಗಾಳಿಯ ಒತ್ತಡ ಇಳಿದಾಗ ಮೈಯಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಅಪಾಯ ತರಬಹುದು. ಎತ್ತರದ ಬೆಟ್ಟಕ್ಕೆ ಕಾರಿನಲ್ಲಿ ಹೋಗುವಾಗಲೂ ಇದೇ ಎಚ್ಚರ ಬೇಕು, ಅದನ್ನು ಬಹಳ ಮಂದಿ ಮರೆಯುತ್ತಾರೆ.

ರಜೆಯ ತಿಂಗಳು ಬದಲಿಸಲಾಗದಿದ್ದರೆ ಜಾಗ ಬದಲಿಸಿ. ಜುಲೈ-ಆಗಸ್ಟ್ ಮಾತ್ರ ಸಿಗುತ್ತದಾದರೆ ಶ್ರೀಲಂಕಾದ ಪೂರ್ವ ದಡ ಅಥವಾ ಬಾಲಿ. ಜನವರಿಯಾದರೆ ಫುಕೆಟ್ ಬದಿ ಅಥವಾ ಮಿರಿಸ್ಸಾ, ಅದೂ 10ನೇ ತಾರೀಖಿನ ನಂತರ, ಹೊಸವರ್ಷದ ಜನಜಂಗುಳಿ ಕರಗಿರುತ್ತದೆ. ಮುಂಗಡ ಕೊಡುವ ಮೊದಲು ದೋಣಿಯವರಿಗೆ ‘ಆಗ ಹವಾಮಾನ ಹೇಗಿರುತ್ತದೆ’ ಅಂತ ಕೇಳಬೇಡಿ, ಚೆನ್ನಾಗಿರುತ್ತದೆ ಅಂತಲೇ ಹೇಳುತ್ತಾರೆ. ‘ಹೋದ ವರ್ಷ ಇದೇ ಹದಿನೈದು ದಿನದಲ್ಲಿ ಎಷ್ಟು ದಿನ ದೋಣಿ ಬಿಡಲಿಲ್ಲ’ ಅಂತ ಕೇಳಿ.