ಹಳೇ ಕಾರು, ಕಡಿಮೆ ಕಾಸು: ವಿದ್ಯಾರ್ಥಿಗಳ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಹುಡುಗ ಹುಡುಗಿಯರವು. ಅಜ್ಜನ ಕಾಲದ ಮಾರುತಿ 800, ಅಣ್ಣ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಸ್ಯಾಂಟ್ರೊ, ರೂಮಿನ ಗೆಳೆಯರೆಲ್ಲ ಸೇರಿ ದುಡ್ಡು ಹಾಕಿ ಕೊಂಡ ಆಲ್ಟೊ. ಕಾರು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: "ಸಾರ್, ಜಾಸ್ತಿ ಖರ್ಚಾಗದ ಹಾಗೆ ಹೇಳಿ." ಶಿವಮೊಗ್ಗದಲ್ಲಿ ಗ್ಯಾರೇಜು ನಡೆಸುವ ನನಗೆ ದಿನಾ ಕಿವಿಗೆ ಬೀಳುವ ಮಾತು ಇದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ನನ್ನದು 1999ರ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್. ಪೇಟೆಯೊಳಗೆ ಸಿಗ್ನಲ್ಲಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಹೈವೇಗೆ ಬಂದರೆ ತಾನಾಗಿಯೇ ಇಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹನ್ನೆರಡು ಸಾವಿರ ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಅಷ್ಟು ದುಡ್ಡು ಸದ್ಯಕ್ಕಿಲ್ಲ. ಏನು ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎಂಜಿನ್ನಿನ ತಲೆಭಾಗಕ್ಕೂ (ಹೆಡ್) ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲು ಹೆಡ್ ಗ್ಯಾಸ್ಕೆಟ್. ಅದನ್ನು ಬದಲಿಸಲು ಹೆಡ್ ಇಳಿಸುವುದಕ್ಕೆ ಈಗಲೇ ಒಪ್ಪಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಕೂಲಿಂಗ್ ಫ್ಯಾನಿನದು. ನಿಂತಾಗ ಮಾತ್ರ ಬಿಸಿ, ಓಡಿದಾಗ ಸರಿ ಅಂದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ನಿಗೆ ಭಾರ ಬೀಳುವ ಹೈವೇಯಲ್ಲಿ, ಘಾಟಿಯಲ್ಲಿ ಇನ್ನೂ ಜಾಸ್ತಿ ಕಾಯುತ್ತಿತ್ತು. ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಮುಚ್ಚಿಕೊಂಡು ಕೂತಿದ್ದರೂ ಅಷ್ಟೇ, ಹೈವೇಯಲ್ಲಿ ಮುಳ್ಳು ಇಳಿಯುತ್ತಿರಲಿಲ್ಲ.

ಮನೆ ಮುಂದೆಯೇ ನೋಡಿಬಿಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮೇಲಿನವರೆಗೆ ಇದೆಯೇ ನೋಡಿ. ಕ್ಯಾಪಿನ ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸ ಕ್ಯಾಪ್ ಹಾಕಿ. ಅದು ಒತ್ತಡ ಹಿಡಿಯದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ. ಬಿಸಿ ಇದ್ದಾಗ ಮಾತ್ರ ಆ ಕ್ಯಾಪನ್ನು ಮುಟ್ಟಲೇಬೇಡಿ, ಬಟ್ಟೆ ಹಿಡಿದುಕೊಂಡೂ ಬೇಡ. ಒಳಗಿನ ನೀರು ಮುಖಕ್ಕೆ ಹಾರುತ್ತದೆ.

ಆಮೇಲೆ ಕ್ಯಾಪ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಡಿ. ಮುಳ್ಳು ಅರ್ಧ ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಫ್ಯಾನ್ ಸದ್ದು ಮಾಡಿಕೊಂಡು ತಿರುಗಬೇಕು. ತಿರುಗದಿದ್ದರೆ ಎಂಜಿನ್ ಆಫ್ ಮಾಡಿ, ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಫ್ಯಾನಿನ ಕನೆಕ್ಟರ್ ಕಳಚಿ, ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನಲ್ಲಿ ನೇರವಾಗಿ ಪ್ಲಸ್, ಮೈನಸ್ ಕೊಡಿ. ಕೈ, ಅಂಗಿಯ ತೋಳು, ವೇಲು ಫ್ಯಾನಿನಿಂದ ದೂರ ಇರಲಿ. ಆಗಲೂ ತಿರುಗದಿದ್ದರೆ ಫ್ಯಾನ್ ಮೋಟರ್ ಹೋಗಿದೆ. ಚೆನ್ನಾಗಿ ತಿರುಗಿದರೆ ಮೋಟರ್ ಗಟ್ಟಿಯಾಗಿದೆ, ಅದಕ್ಕೆ ಆಜ್ಞೆ ಕೊಡುವ ಥರ್ಮೋ ಸ್ವಿಚ್ ಅಥವಾ ವೈರಿಂಗ್ ಕೈಕೊಟ್ಟಿದೆ. ನನ್ನ ಗ್ಯಾರೇಜಿಗೆ ಇದೇ ಲಕ್ಷಣ ಹೊತ್ತು ಬರುವ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಹೆಚ್ಚಿನ ಸಲ ಸಿಗುವ ಕಳ್ಳ ಈ ಸ್ವಿಚ್ಚೇ. ಕೆಲವು ನೂರು ರೂಪಾಯಿಯ ಸಾಮಾನು.

ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಬೇರೆ ಗುರುತುಗಳಿರುತ್ತವೆ. ಹೊರಗೆಲ್ಲೂ ಸೋರದೆ ಕೂಲೆಂಟ್ ದಿನಾ ಕಮ್ಮಿಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಬುಳಬುಳ ಗುಳ್ಳೆ ಏಳುತ್ತಲೇ ಇರುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಎಚ್ಚರಿಕೆ: ಚಳಿಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ತೆಳ್ಳಗೆ ಬಿಳಿ ಕೆನೆ ಕಟ್ಟುವುದುಂಟು. ಅದು ಬರೀ ತೇವಾಂಶ. ಅದನ್ನೇ ತೋರಿಸಿ ಗ್ಯಾಸ್ಕೆಟ್ ಅಂದರೆ ಡಿಪ್‌ಸ್ಟಿಕ್ ಎಳೆದು ನೋಡೋಣ ಅನ್ನಿ.

ಇನ್ನೆರಡು ಮಾತು. ಯಾರಾದರೂ "ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಸರಿಹೋಗುತ್ತೆ" ಅಂದರೆ ಕೇಳಬೇಡಿ. ಅದಿಲ್ಲದೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಮತ್ತು ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬೇಡಿ. ನಿಮ್ಮ ಕಡೆಯ ಗಡಸು ನೀರು ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೀರಿ. ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಆಗುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಸರಿಯಾಗುವವರೆಗೆ ಮುಳ್ಳು ಮೇಲೇರಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೊಂದು ಕಿಲೋಮೀಟರ್ ತಾನೆ" ಅಂತ ಓಡಿಸಿದರೆ ಇವತ್ತು ಚೆನ್ನಾಗಿರುವ ಗ್ಯಾಸ್ಕೆಟ್ ನಾಳೆ ನಿಜವಾಗಿಯೂ ಹೋಗುತ್ತದೆ.

ಪ್ರಶ್ನೆ: ಬ್ರೇಕ್ ಪೆಡಲ್ ಮೊದಲ ಸಲ ಒತ್ತಿದರೆ ಕೆಳಗಿನವರೆಗೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಮೇಲೇ ಗಟ್ಟಿಯಾಗಿ ಸಿಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಹೀಗೇ ಓಡಿಸಬಹುದಾ? ಗಾಡಿ 2006ರ ಆಲ್ಟೊ.
— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡ ತಾಯಿ. ಪರೀಕ್ಷೆಗೆ ಬಸ್ಸಿನಲ್ಲಿ ಹೋಗಿ. ಎದುರಿಗೆ ಮಗು ಅಡ್ಡ ಬಂದಾಗ ಎರಡನೇ ಸಲ ಒತ್ತುವಷ್ಟು ಹೊತ್ತು ಇರುವುದಿಲ್ಲ.

ಮೊದಲು ಬ್ರೇಕ್ ಫ್ಲೂಯಿಡ್ ಡಬ್ಬಿ ನೋಡಿ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಪ್ಯಾಡ್ ತುಂಬಾ ಸವೆದಿದೆ. ಹಿಂದಿನ ಚಕ್ರಗಳ ಒಳಮೈಯಲ್ಲಿ ಒದ್ದೆ ಕಲೆ ಇದ್ದರೆ ಅಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಎಲ್ಲೂ ಸೋರಿಕೆ ಇಲ್ಲ, ಎರಡನೇ ಸಲಕ್ಕೆ ಪೆಡಲ್ ಸಿಗುತ್ತದೆ ಅಂದರೆ ಹೆಚ್ಚಾಗಿ ಹಿಂದಿನ ಡ್ರಮ್ಮಿನಲ್ಲಿ ಬ್ರೇಕ್ ಶೂ ಸವೆದು ಅಂತರ ಜಾಸ್ತಿಯಾಗಿರುತ್ತದೆ, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಶೂ ಅಡ್ಜಸ್ಟ್ ಮಾಡಿ, ಬ್ಲೀಡ್ ಮಾಡಿದರೆ (ಲೈನಿನ ಗಾಳಿ ಹೊರಗೆ ಬಿಟ್ಟರೆ) ಮುಗಿಯಿತು, ದೊಡ್ಡ ಖರ್ಚಿಲ್ಲ. ಆದರೆ ಪೆಡಲನ್ನು ಒತ್ತಿ ಹಿಡಿದಿರುವಾಗಲೇ ಅದು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಪೆಡಲಿನ ಒತ್ತಡವನ್ನು ಫ್ಲೂಯಿಡಿಗೆ ಕೊಡುವ ಮಾಸ್ಟರ್ ಸಿಲಿಂಡರ್ ನೋಡಿಸಬೇಕು. ಈ ವ್ಯತ್ಯಾಸವನ್ನು ಗ್ಯಾರೇಜಿನವರಿಗೆ ನೀವೇ ಹೇಳಿ. ಏನಾಗುತ್ತಿದೆ ಎಂದು ಸರಿಯಾಗಿ ಹೇಳುವ ಗಿರಾಕಿಗೆ ಬೇಡದ ಸಾಮಾನು ಹಾಕುವುದು ಕಷ್ಟ.

ದುಡ್ಡು ಉಳಿಸಲು ಗುಜರಿ ಸಾಮಾನು ಹಾಕಿಸಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಡೋರ್ ಹ್ಯಾಂಡಲ್, ಕನ್ನಡಿ, ಹೆಡ್‌ಲೈಟ್ ಡೂಮ್, ಸೀಟು, ಬಂಪರ್ ಬೇಕಿದ್ದರೆ ಗುಜರಿಗೆ ಧಾರಾಳವಾಗಿ ಹೋಗಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕುವ ತಾಳ್ಮೆ ಇದ್ದರೆ ಒಳ್ಳೆಯ ಸಾಮಾನು ಸಿಗುತ್ತದೆ, ಚೌಕಾಸಿ ಮಾಡಿ. ಬ್ರೇಕ್, ಸ್ಟಿಯರಿಂಗ್, ಟೈರ್, ರಬ್ಬರ್ ಹೋಸ್ ಮಾತ್ರ ಹೊಸದೇ, ಬಿಲ್ ಸಮೇತ. ಟೈರ್ ಹೊಸದು ಅಂದರೂ ಬದಿಯಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲೇ ಹಳತಾದ ಟೈರಿಗೆ ಹೊಸದರ ಬೆಲೆ ಕೊಡಬೇಡಿ.

ಪ್ರಶ್ನೆ: 2009ರ ಸ್ಯಾಂಟ್ರೊ ಒಂದು ಬಹಳ ಅಗ್ಗಕ್ಕೆ ಸಿಗುತ್ತಿದೆ. ಆರ್‌ಸಿ ಅವಧಿ ಮುಗಿದು ಒಂದೂವರೆ ವರ್ಷ ಆಗಿದೆಯಂತೆ. "ರಿನ್ಯೂ ಮಾಡಿಸಿಕೊಂಡರೆ ಆಯ್ತು" ಅನ್ನುತ್ತಾರೆ. ಕೊಳ್ಳಬಹುದೇ? ಹಳೇ ಗಾಡಿಗಳನ್ನು ಸರ್ಕಾರ ಜಪ್ತಿ ಮಾಡುತ್ತದೆ ಎಂದು ಅಪ್ಪನ ಭಯ.
— ಎಂ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಅಪ್ಪನವರ ಭಯಕ್ಕೆ ಮೊದಲು ಉತ್ತರ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ, 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ (ಆರ್‌ಸಿ) 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಡುತ್ತಾರೆ.

ಆದರೆ "ಆಯ್ತು" ಅಂದಷ್ಟು ಸಲೀಸಲ್ಲ, ಲೆಕ್ಕ ಹಾಕಿ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ತಡ ಮಾಡಿದ್ದಕ್ಕೆ ತಿಂಗಳಿಗೆ 500 ಬೇರೆ. ನಿಮ್ಮ ಸ್ಯಾಂಟ್ರೊಗೆ ಒಂದೂವರೆ ವರ್ಷದ ದಂಡವೇ 9,000, ಶುಲ್ಕ ಸೇರಿ 14,000. ಅದರ ಮೇಲೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ, ತಪಾಸಣೆಗೆ ಗಾಡಿ ಸಿದ್ಧ ಮಾಡಿಸುವ ಖರ್ಚು. ಈ ಮೊತ್ತ ಬೆಲೆಯಲ್ಲಿ ಇಳಿಯಬೇಕು. ಅದಕ್ಕಿಂತ ಒಳ್ಳೆಯದು, ಮಾರುವವರೇ ತಮ್ಮ ಹೆಸರಿನಲ್ಲಿ ನವೀಕರಿಸಿ ಕೊಡಲಿ. ತಪಾಸಣೆಯಲ್ಲಿ ಫೇಲಾದರೆ ಆ ತಲೆನೋವು ನಿಮ್ಮದಾಗಬಾರದು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ನೋಡಿ; ಸಾಲ ತೀರಿದ್ದರೂ ಅದನ್ನು ತೆಗೆಸದೆ ಬಿಟ್ಟಿರುತ್ತಾರೆ. ಬಾಕಿ ಟ್ರಾಫಿಕ್ ದಂಡ ಆನ್‌ಲೈನಿನಲ್ಲಿ ಗೊತ್ತಾಗುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡಬೇಡಿ, ತಕ್ಷಣ ನಿಮ್ಮ ಹೆಸರಿಗೆ ವರ್ಗಾಯಿಸಿ. ವಿಮೆಯೂ ಹೆಸರು ಬದಲಾಗಬೇಕು. ಇಷ್ಟು ಹಳೆಯ ಕಾರಿಗೆ ಥರ್ಡ್ ಪಾರ್ಟಿ ವಿಮೆ ಸಾಕು ಎಂಬುದು ನನ್ನ ಅಭಿಪ್ರಾಯ, ಆದರೆ ಅದು ಒಂದು ದಿನವೂ ತಪ್ಪಬಾರದು. ಅಪಘಾತದಲ್ಲಿ ಇನ್ನೊಬ್ಬರಿಗೆ ಪೆಟ್ಟಾಗಿ ವಿಮೆ ಇಲ್ಲದಿದ್ದರೆ ನಿಮ್ಮ ಮನೆಯೇ ಬೀದಿಗೆ ಬರುತ್ತದೆ.

ಕೊಂಡರೆ ಮೊದಲ ತಿಂಗಳು ಮ್ಯೂಸಿಕ್ ಸಿಸ್ಟಂ, ಸೀಟ್ ಕವರ್ ಮರೆತುಬಿಡಿ. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದುಕೊಂಡು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸಮೇತ ಹೊಸದು ಹಾಕಿಸಿ. ಹೊರಗಿನಿಂದ ನೋಡಿ ಅದರ ಆಯಸ್ಸು ಹೇಳಲು ಆಗುವುದಿಲ್ಲ.

ಪ್ರಶ್ನೆ: ನಮ್ಮ 1998ರ 800 ಕಾರಿನಲ್ಲಿ ಬೆಳಿಗ್ಗೆ ಪೆಟ್ರೋಲ್ ವಾಸನೆ. ಇ20 ಪೆಟ್ರೋಲ್ ಕಾರಣವೇ?
— ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ

ಉತ್ತರ: ಇರಬಹುದು. ಇ20 ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಕೆಲವು ಹಳೆಯ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ನಿಮ್ಮ ಗಾಡಿಯ ಪೈಪುಗಳು 1998ರವೇ ಆಗಿದ್ದರೆ ಎಥನಾಲ್ ಇಲ್ಲದೆಯೂ ಅವುಗಳ ಕಾಲ ಮುಗಿದಿದೆ.

ಕಾರಣ ಯಾವುದೇ ಇರಲಿ, ಇದು ಬೆಂಕಿಯ ವಿಷಯ. ಗಾಡಿಯನ್ನು ಮನೆಯಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿ. ಟ್ಯಾಂಕಿನಿಂದ ಪೆಟ್ರೋಲ್ ಪಂಪಿಗೆ, ಪಂಪಿನಿಂದ ಕಾರ್ಬ್ಯುರೇಟರಿಗೆ, ಮತ್ತೆ ಟ್ಯಾಂಕಿಗೆ ವಾಪಸ್ ಹೋಗುವ ಎಲ್ಲ ರಬ್ಬರ್ ಪೈಪುಗಳನ್ನೂ ಬಗ್ಗಿಸಿ ನೋಡಿ. ಬಾಗಿದ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ತೆರೆದುಕೊಂಡರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಎಥನಾಲ್ ತಡೆಯುವ ಹೋಸ್ ಎಂದು ಕೇಳಿ ತನ್ನಿ, ಕ್ಲಾಂಪೂ ಹೊಸದಿರಲಿ. ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪಿನ ಒಳಗೂ ರಬ್ಬರ್ ಡಯಾಫ್ರಂ ಇದೆ, ಅದರ ಸುತ್ತ ಒದ್ದೆ ಇದೆಯೇ ನೋಡಿಸಿ.

ಪ್ರಶ್ನೆ: ಮಳೆಗಾಲ ಮುಗಿದರೂ ಕಾರಿನೊಳಗೆ ಮುಗ್ಗಲು ವಾಸನೆ. ಬಾಗಿಲು ತೆರೆದಾಗ ಒಳಗೆ ನೀರು ಕುಲುಕುವ ಸದ್ದು.
— ಪಿಯುಸಿ ವಿದ್ಯಾರ್ಥಿಯ ಅಕ್ಕ, ತೀರ್ಥಹಳ್ಳಿ

ಉತ್ತರ: ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಮಲೆನಾಡಿನ ಕೆಂಪು ಮಣ್ಣು ತುಂಬಿ ಅವು ಕಟ್ಟಿಕೊಂಡಿವೆ. ಕೆಳಗೆ ಕೂತು ಒಂದು ತೆಂಗಿನ ಕಡ್ಡಿಯಿಂದ ಚುಚ್ಚಿ, ಕೆಂಪು ನೀರು ಇಳಿದುಹೋಗುತ್ತದೆ. ಬಾನೆಟ್ ತೆರೆದು ಗಾಜಿನ ಬುಡದಲ್ಲಿ ಸೇರಿದ ಎಲೆಗಳನ್ನೂ ಬಳಿದು ತೆಗೆಯಿರಿ. ಆಮೇಲೆ ಮ್ಯಾಟು, ಅದರ ಕೆಳಗಿನ ದಪ್ಪ ಹಾಸು ಎರಡನ್ನೂ ಎತ್ತಿ ಬಿಸಿಲಿಗೆ ಹಾಕಿ. ಬರೀ ಮ್ಯಾಟ್ ಒಣಗಿಸಿದರೆ ಹಾಸಿನಲ್ಲಿ ನಿಂತ ನೀರು ತಳದ ತಗಡನ್ನು ತಿನ್ನುತ್ತಲೇ ಇರುತ್ತದೆ. ತಗಡಿನ ಮೇಲೆ ತುಕ್ಕು ಕಂಡರೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಬಣ್ಣ ಹಚ್ಚಿ. ತಗಡು ಬೆರಳಿಗೆ ಮೆತ್ತಗಾಗುತ್ತಿದ್ದರೆ ಮಾತ್ರ ವೆಲ್ಡಿಂಗಿಗೆ ಒಯ್ಯಿರಿ.

ಪ್ರಶ್ನೆ: ನಾನೇ ಸಣ್ಣಪುಟ್ಟ ಕೆಲಸ ಕಲಿಯಬೇಕು ಅಂತಿದ್ದೇನೆ. ಯಾವ ಟೂಲ್ಸ್ ಕೊಳ್ಳಲಿ?
— ಐಟಿಐ ವಿದ್ಯಾರ್ಥಿ, ಗದಗ

ಉತ್ತರ: ಓದಿ ಖುಷಿಯಾಯಿತು. ದೊಡ್ಡ ಕಿಟ್ ಬೇಡ. 10, 12, 14, 17ರ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್, ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್, ಅಗ್ಗದ ಒಂದು ಮಲ್ಟಿಮೀಟರ್. ಇಷ್ಟರಲ್ಲಿ ಆಯಿಲ್ ಬದಲಿಸುವುದು, ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ಟರ್ಮಿನಲ್ ಎಲ್ಲ ಆಗುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಒದ್ದೆ ಆಯಿಲ್ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು.

ಸಾಧ್ಯವಾದರೆ ಮೊದಲ ದುಡ್ಡಿನಲ್ಲೇ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜ್ಯಾಕ್ ಸ್ಟ್ಯಾಂಡ್ ಒಂದು ಜೊತೆ ತನ್ನಿ. ಬರೀ ಜ್ಯಾಕಿನ ಮೇಲೆ ಎತ್ತಿದ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ನಂಬುವುದೂ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಸ್ಟ್ಯಾಂಡ್ ಬರುವವರೆಗೆ ಬಾನೆಟ್ ತೆರೆದು ಮಾಡುವ ಕೆಲಸಗಳನ್ನಷ್ಟೇ ಮಾಡಿ.

ಮುಂದಿನ ತಿಂಗಳು ಬ್ಯಾಟರಿ ಮತ್ತು ಸ್ಟಾರ್ಟಿಂಗ್ ತೊಂದರೆಯ ಪತ್ರಗಳನ್ನು ಎತ್ತಿಕೊಳ್ಳುತ್ತೇನೆ. ಬರೆಯುವಾಗ ಮಾಡೆಲ್ ವರ್ಷ, ಎಷ್ಟು ಓಡಿದೆ, ತೊಂದರೆ ಎಂಜಿನ್ ತಣ್ಣಗಿದ್ದಾಗ ಬರುತ್ತದೆಯೋ ಬಿಸಿಯಾದ ಮೇಲೋ, ಇವಿಷ್ಟನ್ನು ತಪ್ಪದೆ ತಿಳಿಸಿ.