ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಟರ್ನೆಟ್‌ನ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡ್ತೀನಿ. ನಮ್ಮ ನೆಟ್‌ವರ್ಕಿಂಗ್ ರಿಸರ್ಚ್ ಗ್ರೂಪ್‌ನಲ್ಲಿದ್ದ ಹಿರಿಯರೊಬ್ಬರು ಈಚೆಗೆ ತೀರ್ಕೊಂಡ್ರು. ಅವರ ಹೆಸರಲ್ಲಿ ದೊಡ್ಡ ಪೇಪರ್ ಅಂತ ಜಾಸ್ತಿ ಇಲ್ಲ, ಆದ್ರೆ ಎಲ್ಲರ ಪೇಪರ್ ಓದಿ ತಿದ್ದಿಕೊಡೋದು, ವರ್ಕ್‌ಶಾಪ್ ನಡೆಸೋದು, ಲ್ಯಾಬ್‌ನ ಐಪಿ ಅಡ್ರೆಸ್ (ಒಂದೊಂದು ಕಂಪ್ಯೂಟರ್‌ಗೂ ನೆಟ್‌ವರ್ಕ್‌ನಲ್ಲಿರೋ ನಂಬರ್) ಪಟ್ಟಿ ನೋಡ್ಕೊಳ್ಳೋದು ಎಲ್ಲಾ ಅವರೇ. ನುಡಿನಮನ ಬರೆಯೋಕೆ ನನಗೆ ಹೇಳಿದ್ದಾರೆ. ಸಾಧನೆ ಅಂತ ಏನು ಬರೀಲಿ?
– ಓದುಗರು, ಮೈಸೂರು

ಉತ್ತರ: ನಿಮ್ಮ ಗ್ರೂಪ್‌ನ ಎಲ್ಲರಿಗೂ ನನ್ನ ಸಂತಾಪ ಮೇಡಂ. ಪತ್ರ ಓದ್ತಿದ್ದ ಹಾಗೇ ನನಗೆ ಜಾನ್ ಪೋಸ್ಟೆಲ್ ನೆನಪಾದ್ರು. ಇಂಟರ್ನೆಟ್ ಕಟ್ಟಿದವರು ಅಂದ್ರೆ ವಿಂಟ್ ಸರ್ಫ್, ಬಾಬ್ ಕಾನ್ ಅಂತ ಹುಡುಗರು ಪಟ್ ಅಂತ ಹೇಳ್ತಾರೆ, ಪೋಸ್ಟೆಲ್ ಹೆಸರು ಕೇಳಿದವರು ಕಡಿಮೆ. ಕ್ಯಾಲಿಫೋರ್ನಿಯಾದ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಗಲೇ ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಅನ್ನೋ ನೆಟ್‌ವರ್ಕ್‌ನ ಕೆಲಸಕ್ಕೆ ಸೇರಿದವರು, ಆಮೇಲೆ ಮರೀನಾ ಡೆಲ್ ರೇಯಲ್ಲಿರೋ ಐಎಸ್ಐ ಅನ್ನೋ ಸಂಶೋಧನಾ ಸಂಸ್ಥೆಗೆ ಹೋದ್ರು, 1998ರ ಅಕ್ಟೋಬರ್ 16ಕ್ಕೆ ಹಾರ್ಟ್ ಆಪರೇಷನ್ ಆದ್ಮೇಲೆ ತೀರ್ಕೊಳ್ಳೋವರೆಗೂ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡ್ಕೊಂಡಿದ್ರು. ಆಗಿನ್ನೂ 55 ವರ್ಷ ಅವರಿಗೆ.

ಆ ಕೆಲಸ ಅಂದ್ರೆ ಲೆಕ್ಕ ಇಡೋದು ಮತ್ತೆ ಬೇರೆಯವರು ಬರೆದಿದ್ದನ್ನ ಓದೋದು. ಇಂಟರ್ನೆಟ್‌ನ ಪ್ರೋಟೋಕಾಲ್‌ಗಳೆಲ್ಲ, ಅಂದ್ರೆ ಮಷೀನ್‌ಗಳು ಒಂದಕ್ಕೊಂದು ಮಾತಾಡೋ ನಿಯಮಗಳೆಲ್ಲ, ಆರ್‌ಎಫ್‌ಸಿ ಅನ್ನೋ ದಾಖಲೆಗಳಲ್ಲಿ ಇರುತ್ತಲ್ಲ, 1969ರಲ್ಲಿ ಸ್ಟೀವ್ ಕ್ರಾಕರ್ ಮೊದಲನೆಯದನ್ನ ಬರೆದ್ರು, ಅದಾದ್ಮೇಲೆ ಸುಮಾರು 28 ವರ್ಷ ಅವಕ್ಕೆಲ್ಲ ಎಡಿಟರ್ ಪೋಸ್ಟೆಲ್ಲೇ. ಬಂದಿದ್ದನ್ನ ಓದಿ, ಗೊಂದಲ ಇದ್ರೆ ವಾಪಸ್ ಕಳಿಸಿ, ಸರಿಮಾಡಿಸಿ, ನಂಬರ್ ಹಾಕಿ ಹೊರಗೆ ಬಿಡೋದು. 1981ರಲ್ಲಿ ಬಂದ, ಇಂಟರ್ನೆಟ್‌ನ ಮೂಲ ಪ್ರೋಟೋಕಾಲ್‌ಗಳಾದ ಐಪಿ ಮತ್ತು ಟಿಸಿಪಿಯ ಆರ್‌ಎಫ್‌ಸಿ 791, 793, ನಾವು ಇವತ್ತಿಗೂ ಕ್ಲಾಸಲ್ಲಿ ಹೆಸರು ಹೇಳ್ತೀವಲ್ಲ, ಅವನ್ನ ಎಡಿಟ್ ಮಾಡಿದ್ದು ಅವರು. ಯುಡಿಪಿ ಅನ್ನೋ ಇನ್ನೊಂದು ಪ್ರೋಟೋಕಾಲ್ ಬಗ್ಗೆ ಅವರೇ ಬರೆದ ಆರ್‌ಎಫ್‌ಸಿ 768 ಇದೆ ನೋಡಿ, ಬರೀ ಮೂರು ಪುಟ, ಅದನ್ನ ಒಂದ್ಸಲ ನಿಮ್ಮ ಸ್ಟೂಡೆಂಟ್ಸ್ ಕೈಲಿ ಓದಿಸಿ, ಬೇಡದ ಒಂದು ಸಾಲು ಸಿಗಲ್ಲ.

ಇನ್ನು ನಂಬರ್ ವಿಷಯ. ಒಂದೊಂದು ಸೇವೆಗೂ ಪೋರ್ಟ್ ಅಂತ ಒಂದು ನಂಬರ್ ಇರುತ್ತೆ, ಮೇಲ್‌ಗೆ ಪೋರ್ಟ್ 25, ವೆಬ್‌ಗೆ 80 ಅಂತ ಎಲ್ಲರೂ ಒಪ್ಕೊಂಡಿರೋದ್ರಿಂದ ತಾನೇ ಒಂದು ಮಷೀನ್ ಇನ್ನೊಂದರ ಜೊತೆ ಮಾತಾಡೋದು? ಯಾವ ನಂಬರ್ ಯಾರಿಗೆ ಅಂತ ಒಬ್ರು ಬರೆದಿಡ್ಲೇಬೇಕಿತ್ತು. 1972ರ ಮೇನಲ್ಲಿ, ಆರ್‌ಎಫ್‌ಸಿ 349ರಲ್ಲಿ, ಈ ನಂಬರ್ ಹಂಚೋಕೆ ಒಬ್ಬ ಯಜಮಾನ ಇರಲಿ ಅಂತ ಪೋಸ್ಟೆಲ್ ಸಲಹೆ ಕೊಟ್ಟು, ಪಕ್ಕದಲ್ಲೇ ಬ್ರಾಕೆಟ್ ಹಾಕಿ "ನಾನು?" ಅಂತ ಒಂದು ಪ್ರಶ್ನೆಚಿಹ್ನೆ ಇಟ್ಟಿದ್ರು. ಆ ಪ್ರಶ್ನೆಚಿಹ್ನೆ ನನಗೆ ತುಂಬಾ ಇಷ್ಟ. ಬೇಡ ಅಂತ ಯಾರೂ ಅನ್ನಲಿಲ್ಲ, ಊರಿನ ಶಾನುಭೋಗರು ಕಡತ ಕಾಯ್ದ ಹಾಗೆ ಆ ಪಟ್ಟಿಯನ್ನ ಅವರು ಕೊನೆವರೆಗೂ ಕಾಯ್ದ್ರು. ಈ ಕೆಲಸಕ್ಕೇ ಆಮೇಲೆ ಐಯಾನಾ ಅಂತ ಹೆಸರು ಬಂದಿದ್ದು, ಎಷ್ಟೋ ವರ್ಷ ಐಯಾನಾ ಅಂದ್ರೆ ಪೋಸ್ಟೆಲ್, ಪೋಸ್ಟೆಲ್ ಅಂದ್ರೆ ಐಯಾನಾ ಅನ್ನೋ ಹಾಗಿತ್ತು.

ಅವರು ಹೋದ ಮರುದಿನದ ತಾರೀಖು ಹಾಕಿ ವಿಂಟ್ ಸರ್ಫ್ ಒಂದು ನುಡಿನಮನ ಬರೆದ್ರು, ಅದು ಪ್ರಕಟ ಆಗಿದ್ದು ಆರ್‌ಎಫ್‌ಸಿ 2468 ಆಗಿ. ಅಂದ್ರೆ ಅವರು ಜೀವಮಾನ ಎಲ್ಲಾ ಎಡಿಟ್ ಮಾಡಿದ ಅದೇ ಸಾಲಿನಲ್ಲಿ, ಅದೇ ಫಾರ್ಮ್ಯಾಟ್‌ನಲ್ಲಿ, ಪ್ರೋಟೋಕಾಲ್ ದಾಖಲೆಗಳ ಮಧ್ಯೆ ಅವರ ನೆನಪಿಗೂ ಒಂದು ನಂಬರ್. ಅದರಲ್ಲಿ ಪೇಪರ್ ಎಷ್ಟು, ಪೇಟೆಂಟ್ ಎಷ್ಟು ಅನ್ನೋ ಲೆಕ್ಕ ಇಲ್ಲ, ಈ ಮನುಷ್ಯ ನಮಗೋಸ್ಕರ ಏನೇನು ನೋಡ್ಕೊಂಡ ಅನ್ನೋದಿದೆ.

ನೀವೂ ಹಾಗೇ ಬರೀರಿ. ಆ ಹಿರಿಯರು ತಿದ್ದಿ ಕಳಿಸಿದ ಹಳೇ ಡ್ರಾಫ್ಟ್‌ಗಳು ಯಾರ ಹತ್ರ ಆದ್ರೂ ಇರ್ತವೆ, ಕೇಳಿ ತಗೊಳ್ಳಿ, ಒಂದು ತಿದ್ದುಪಡಿಯನ್ನ ಇದ್ದ ಹಾಗೇ ಲೇಖನದಲ್ಲಿ ಹಾಕಿ, ಆ ಪೇಪರ್ ಬರೆದವರ ಒಪ್ಪಿಗೆ ತಗೊಂಡು. ವಾಕ್ಯ ಮೊದಲು ಹೇಗಿತ್ತು, ಅವರ ಕೈ ಬಿದ್ದ ಮೇಲೆ ಹೇಗಾಯ್ತು ಅಂತ ಓದೋರಿಗೆ ಕಾಣ್ಲಿ. ಐಪಿ ಪಟ್ಟಿ ಈಗ ಯಾರು ನೋಡ್ಕೊಳ್ತಿದ್ದಾರೆ ಅಂತಲೂ ಬರೀರಿ. ಜೊತೆಗೆ ಕೈಜೋಡಿಸಿದವರನ್ನ ಬಿಡಬೇಡಿ. ಪೋಸ್ಟೆಲ್ ಜೊತೆ 1983ರಿಂದ ನಂಬರ್ ಪಟ್ಟಿ, 1987ರಿಂದ ಆರ್‌ಎಫ್‌ಸಿ, ಎರಡನ್ನೂ ನೋಡ್ಕೊಂಡ ಜಾಯ್ಸ್ ರೆನಾಲ್ಡ್ಸ್ ಹೆಸರನ್ನ ಎಷ್ಟೋ ಜನ ಹೇಳೋದೇ ಇಲ್ಲ, ಅದು ನನಗೆ ಬೇಜಾರು. ಪೋಸ್ಟೆಲ್ ಹೆಸರಲ್ಲಿ ಇಂಟರ್ನೆಟ್ ಸೊಸೈಟಿ ಪ್ರತಿವರ್ಷ ಕೊಡೋ ಸೇವಾ ಪ್ರಶಸ್ತಿ 2006ರಲ್ಲಿ ಜಾಯ್ಸ್‌ಗೂ, ಆರ್‌ಎಫ್‌ಸಿ ಎಡಿಟಿಂಗ್‌ನಲ್ಲಿ ಜೊತೆಗಿದ್ದ ಬಾಬ್ ಬ್ರೇಡನ್‌ಗೂ ಸಿಕ್ತು ಅನ್ನೋದು ಸಮಾಧಾನ.

ಪ್ರಶ್ನೆ: ವೆಬ್ ವಿಳಾಸದ ಕೊನೇಲಿ ಬರೋ ನಮ್ಮ ಡಾಟ್ ಇನ್‌ಗೂ ಪೋಸ್ಟೆಲ್‌ಗೂ ಸಂಬಂಧ ಇದ್ಯಾ?
– ಓದುಗರು, ದಾವಣಗೆರೆ

ಉತ್ತರ: ಇದೆ. ಡಾಟ್ ಇನ್ ಬಂದಿದ್ದು 1989ರಲ್ಲಿ, ದೇಶಗಳ ಡೊಮೈನ್ ಹಂಚ್ತಾ ಇದ್ದಿದ್ದು ಐಯಾನಾನೇ. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನ ಮಾಡೋ ಕೆಲಸ ನಮ್ಮದಲ್ಲ ಅಂತ ಪೋಸ್ಟೆಲ್ 1994ರ ಆರ್‌ಎಫ್‌ಸಿ 1591ರಲ್ಲಿ ಬರೆದು, ಐಎಸ್‌ಒ 3166 ಅನ್ನೋ ಅಂತರರಾಷ್ಟ್ರೀಯ ದೇಶ-ಕೋಡ್ ಪಟ್ಟಿಯಲ್ಲಿರೋ ಎರಡಕ್ಷರದ ಕೋಡ್‌ಗಳನ್ನೇ ಹಿಡ್ಕೊಂಡ್ರು. ಎಷ್ಟು ಜಗಳ ತಪ್ತು ನೋಡಿ ಇದರಿಂದ. ಡೊಮೈನ್ ನನ್ನ ಸ್ವತ್ತು, ನನ್ನ ಹಕ್ಕು ಅಂತ ಬರೋರಿಗೂ ಅಲ್ಲೇ ಉತ್ತರ ಇದೆ, ಇಲ್ಲಿ ಯೋಚಿಸ್ಬೇಕಾಗಿರೋದು ಜವಾಬ್ದಾರಿ ಮತ್ತು ಸೇವೆ ಬಗ್ಗೆ ಅಂತ.

ಪ್ರಶ್ನೆ: 1998ರಲ್ಲಿ ಪೋಸ್ಟೆಲ್ ರೂಟ್ ಸರ್ವರ್‌ಗಳನ್ನ (ಡೊಮೈನ್ ಹೆಸರು ಹುಡುಕೋದು ಶುರುವಾಗೋ ಮೂಲ ಕಂಪ್ಯೂಟರ್‌ಗಳನ್ನ) ತಮ್ಮ ಕಡೆ ತಿರುಗಿಸ್ಕೊಂಡ್ರಂತೆ. ಇಂಥದ್ದನ್ನ ನುಡಿನಮನದಲ್ಲಿ ಬರೀಬೇಕಾ?
– ಓದುಗರು, ಬೆಳಗಾವಿ

ಉತ್ತರ: ಬರೀಬೇಕು. ಆ ವರ್ಷ ಜನವರಿ 28ಕ್ಕೆ 8 ರೂಟ್ ಸರ್ವರ್‌ಗಳ ಆಪರೇಟರ್‌ಗಳಿಗೆ ಒಂದು ಮೇಲ್ ಹಾಕಿ, ಇನ್ಮೇಲೆ ರೂಟ್ ಮಾಹಿತಿಯನ್ನ ಐಯಾನಾದ ಮಷೀನ್‌ನಿಂದ ತಗೊಳ್ಳಿ ಅಂದ್ರು, ಅವರೂ ಬದಲಾಯಿಸಿದ್ರು. ಅಮೆರಿಕ ಸರ್ಕಾರ ಡೊಮೈನ್ ಆಡಳಿತ ಯಾರ ಕೈಲಿರಬೇಕು ಅಂತ ಚರ್ಚೆ ಮಾಡ್ತಿದ್ದ ಸಮಯ ಅದು, ಕೂಡ್ಲೇ ಸರ್ಕಾರದಿಂದ ಒತ್ತಡ ಬಂತು, ಇದು ಟೆಸ್ಟ್ ಅಷ್ಟೇ ಅಂತ ಹೇಳಿ ಪೋಸ್ಟೆಲ್ ಮೊದಲಿನ ಹಾಗೇ ಮಾಡಿಸಿದ್ರು. ಯಾರನ್ನೂ ಕೇಳದೆ ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಯಾವ ಕಾನೂನಿನ ಬಲವೂ ಇಲ್ಲದ ಒಬ್ಬ ಮನುಷ್ಯನ ಒಂದು ಮೇಲ್‌ಗೆ ಅಷ್ಟು ಜನ ಆಪರೇಟರ್‌ಗಳು ಹೂಂ ಅಂದ್ರಲ್ಲ, ಅಷ್ಟು ವರ್ಷದ ಕೆಲಸದಿಂದ ಬಂದ ನಂಬಿಕೆ ಅದು. ಒಬ್ಬರ ಮೇಲೆ ಇಷ್ಟೊಂದು ಭಾರ ಇರಬಾರದು ಅನ್ನೋದು ಅವರಿಗೂ ಗೊತ್ತಿತ್ತು, ಐಯಾನಾ ಕೆಲಸ ವಹಿಸ್ಕೊಳ್ಳೋಕೆ ಅಂತಲೇ ಐಕಾನ್ ಸಂಸ್ಥೆ ಕಟ್ಟೋದ್ರಲ್ಲಿ ಅವರು ಕೊನೆ ತಿಂಗಳುಗಳನ್ನ ಕಳೆದ್ರು. ಐಕಾನ್ ಶುರುವಾಗಿದ್ದು 1998ರ ಸೆಪ್ಟೆಂಬರ್‌ನಲ್ಲಿ, ಅವರು ತೀರ್ಕೊಳ್ಳೋಕೆ ಸ್ವಲ್ಪ ದಿನ ಮುಂಚೆ.